ದನ ಕಾಯೋಕೆ ಲಾಯಕ್ಕು



ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ಹತ್ತು ದಿನ ಆಯ್ತು. ರ‍್ಯಾಂಕ್ ಬಂದ ಮಕ್ಕಳ ಬಾಯಿಗೆ ಅಪ್ಪ ಅಮ್ಮ ಸ್ವೀಟ್ ಇಡೋ ದೃಶ್ಯಗಳನ್ನ ಎಲ್ಲ ಚಾನೆಲ್‌ನವರೂ ತೋರಿಸಿದ್ವಿ. ತೋರಿಸದೇ ಇದ್ದದ್ದು ಇನ್ನೊಂದಿದೆ. ಈ ಹತ್ತು ದಿನದಲ್ಲಿ ನಮ್ಮ ರಾಜ್ಯದ ಎಷ್ಟೋ ಮನೆಗಳಲ್ಲಿ ಒಂದೇ ಒಂದು ಬೈಗುಳ ಓಡಾಡಿದೆ. ನಿಮ್ಮ ಮೇಷ್ಟ್ರು ನಿಮಗೆ ಬೈದಿರ್ತಾರೆ, ನೀವು ನಿಮ್ಮ ಮಕ್ಕಳಿಗೆ ಬೈದಿರ್ತೀರಿ. ನನಗಂತೂ ಏಳನೇ ಕ್ಲಾಸಿನ ಗಣಿತದ ಪೀರಿಯಡ್ಡಿನಲ್ಲಿ ವಾರಕ್ಕೆರಡು ಸಲ ಬಿದ್ದಿದೆ. "ಲೇ, ನೀನು ದನ ಕಾಯೋಕೇ ಲಾಯಕ್ಕು ಕಣೋ." ಸಿಟ್ಟು ನೆತ್ತಿಗೇರಿದ್ರೆ, "ದನ ಕಾಯೋಕೂ ಲಾಯಕ್ಕಿಲ್ಲ."

ಒಂದು ಬೈಗುಳ ಹಿಡ್ಕೊಂಡು ಇಷ್ಟು ಹೊತ್ತು ಮಾತಾಡೋದಾ ಅಂತ ನೀವು ಕೇಳಬಹುದು. ಮಾತಾಡಲೇಬೇಕು. ಅದಕ್ಕೆ ಕಾರಣ, ನಮ್ಮ ಫೋನ್-ಇನ್ ಕಾರ್ಯಕ್ರಮ ಮುಗಿದ ಮೇಲೆ ಬಂದ ಒಂದು ಕರೆ. ಅದು ಪ್ರಸಾರ ಆಗಿಲ್ಲ. ಪ್ರಸಾರ ಆಗಬಾರದು ಅಂತಲೇ ಅವರು ತಡವಾಗಿ ಮಾಡಿದ್ದರು. ಮಂಡ್ಯ ಕಡೆಯ ಒಬ್ಬ ರೈತರು.

"ಸಾರ್, ಮಗಂದು ಎಸ್ಸೆಸ್ಸೆಲ್ಸಿ. ಎರಡು ಸಬ್ಜೆಕ್ಟು ಹೋಯ್ತು. ನಾನು ಒಂದೇ ಮಾತು ಅಂದಿದ್ದು ಸಾರ್. ಓದಿದ್ದು ಸಾಕು, ನಾಳೆಯಿಂದ ದನ ಕಾಯಕ್ಕೋಗು ಅಂದೆ. ಅಷ್ಟೇಯ. ನಾಕು ದಿನ ಆಯ್ತು, ರೂಮಿಂದ ಈಚೆಗೆ ಬತ್ತಿಲ್ಲ. ಸರಿಯಾಗಿ ಉಣ್ತಾನೂ ಇಲ್ಲ."

ನಾನು ಕೇಳಿದೆ, "ಮನೇಲಿ ದನ ಇದಾವಾ?"

"ಎರಡು ಹಸ, ಒಂದು ಕಡಸು ಅವೆ ಸಾರ್."

"ಇಷ್ಟು ದಿನ ಯಾರು ನೋಡ್ಕೊಳ್ತಿದ್ರು ಅವನ್ನ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಹೇಳಿದರು. "ಅವನೇ ಸಾರ್. ಐದನೇ ಕ್ಲಾಸಿಂದ ಅವನೇಯ. ಕೆಂದಿ ಅಂತ ಒಂದು ಹಸ, ಅವನನ್ನ ಬಿಟ್ರೆ ಬೇರೆಯವರಿಗೆ ಕೆಚ್ಚಲು ಮುಟ್ಟಕ್ಕೂ ಬಿಡಾಕಿಲ್ಲ."

ಗೊತ್ತಾಯ್ತಲ್ಲ? ಆ ಹುಡುಗನಿಗೆ ಗಣಿತ ಬರಲಿಲ್ಲ, ಇಂಗ್ಲಿಷ್ ಬರಲಿಲ್ಲ, ಒಪ್ಪೋಣ. ಆದರೆ ಅವನಿಗೆ ಚೆನ್ನಾಗಿ ಬರ್ತಿದ್ದ ವಿದ್ಯೆ ಒಂದಿತ್ತು. ಅದರಲ್ಲಿ ಆ ಮನೆಯಲ್ಲಿ ಅವನನ್ನ ಮೀರಿಸೋರು ಇರಲಿಲ್ಲ. ಅಪ್ಪ ಅದನ್ನೇ ಎತ್ತಿಕೊಂಡು ಶಿಕ್ಷೆ ಅಂತ ಕೊಟ್ಟರು. ಬೋರ್ಡಿನವರು ಫೇಲ್ ಮಾಡಿದ್ದು ಎರಡು ಸಬ್ಜೆಕ್ಟಿನಲ್ಲಿ. ಪಾಸಾಗಿದ್ದ ಇನ್ನೊಂದರಲ್ಲಿ ಫೇಲ್ ಮಾಡಿದ್ದು ಮನೆಯವರು.

ಈಗ ನಿಮ್ಮನ್ನ ನಾರ್ವೆ ದೇಶಕ್ಕೆ ಕರ್ಕೊಂಡು ಹೋಗ್ತೀನಿ. ಮಂಡ್ಯಕ್ಕೂ ನಾರ್ವೆಗೂ ಏನು ಸಂಬಂಧ ಅಂತ ಕೇಳಬೇಡಿ, ಇದೆ.

2008ರಲ್ಲಿ ಅಲ್ಲಿನ ಸಂಶೋಧಕಿ ಬೆಂಟೆ ಬರ್ಗೆಟ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಅದಕ್ಕೆ ತಗೊಂಡಿದ್ದು 90 ಮಂದಿ ಮಾನಸಿಕ ಕಾಯಿಲೆಯವರನ್ನ. ಸ್ಕಿಜೋಫ್ರೇನಿಯಾ ಇದ್ದವರು, ಖಿನ್ನತೆ ಇದ್ದವರು, ಆತಂಕದ ಕಾಯಿಲೆಯವರು, ಎಲ್ಲ ಇದ್ದರು ಅದರಲ್ಲಿ. ಸಣ್ಣಪುಟ್ಟ ಬೇಜಾರಿನವರಲ್ಲ, ವರ್ಷಗಟ್ಟಲೆ ಆಸ್ಪತ್ರೆ ಸುತ್ತಿದವರು. ಚೀಟಿ ಎತ್ತಿದ ಹಾಗೆ ಅವರನ್ನ ಎರಡು ಗುಂಪು ಮಾಡಿದರು. 60 ಮಂದಿಯನ್ನ ಹತ್ತಿರದ ರೈತರ ಫಾರಂಗಳಿಗೆ ಕಳಿಸಿದರು. 30 ಮಂದಿಗೆ ಎಂದಿನ ಚಿಕಿತ್ಸೆ ಮಾತ್ರ. ಫಾರಂಗೆ ಹೋದವರ ಚಿಕಿತ್ಸೆಯೂ ನಿಲ್ಲಲಿಲ್ಲ, ಈ ಮಾತು ನೆನಪಿರಲಿ, ಕೊನೆಗೆ ಬೇಕಾಗುತ್ತೆ.

ಫಾರಂನಲ್ಲಿ ಅವರಿಗೆ ಏನು ಕೆಲಸ? ಪಿಕ್‌ನಿಕ್ ಅಲ್ಲ. ವಾರಕ್ಕೆ ಎರಡು ದಿನ, ದಿನಕ್ಕೆ ಮೂರು ಗಂಟೆ, ಹೀಗೆ 12 ವಾರ. ಹಸುಗಳಿಗೆ ಮೇವು ಹಾಕೋದು, ಕೊಟ್ಟಿಗೆ ಗುಡಿಸೋದು, ಮೈ ತಿಕ್ಕೋದು, ಹಾಲು ಕರೆಯೋ ಕೆಲಸಕ್ಕೆ ಕೈ ಕೂಡಿಸೋದು, ಬಿಡುವಿದ್ದಾಗ ಕರುವಿನ ಪಕ್ಕ ನಿಂತು ಅದರ ಕತ್ತು ಸವರೋದು. ನಮ್ಮ ಹಳ್ಳಿಯ ಯಾವ ಹೆಣ್ಣುಮಗಳನ್ನಾದರೂ ಕೇಳಿ, ಇದಕ್ಕೆ ಅಧ್ಯಯನ ಬೇರೆ ಮಾಡ್ತಾರಾ ಅಂತ ನಗ್ತಾಳೆ.

12 ವಾರ ಮುಗಿದಾಗ ಲೆಕ್ಕ ಹಾಕಿದರು. ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ನಮ್ಮಂಥ ಚಾನೆಲ್‌ನವರಾಗಿದ್ದರೆ ಕ್ಯಾಮೆರಾ ಎತ್ತಿಕೊಂಡು ಅಲ್ಲಿಂದ ಹೊರಟುಬಿಡ್ತಿದ್ವಿ. ಅವರು ಹೊರಡಲಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಅದೇ ಜನರನ್ನ ಅದೇ ಪ್ರಶ್ನೆಗಳನ್ನ ಕೇಳಿದರು. ಆಗ ಕಂಡಿತು. ಫಾರಂಗೆ ಹೋಗಿ ಬಂದ ಗುಂಪಿನವರಲ್ಲಿ "ಕಷ್ಟ ಬಂದರೆ ನಾನು ನಿಭಾಯಿಸಬಲ್ಲೆ" ಅನ್ನೋ ನಂಬಿಕೆ ಹೆಚ್ಚಿತ್ತು. ಇನ್ನೊಂದು ಗುಂಪಿನಲ್ಲಿ ಹಾಗೆ ಹೆಚ್ಚಿರಲಿಲ್ಲ. ಅಂದರೆ ಹಸುವಿನ ಹತ್ತಿರ ಇದ್ದಷ್ಟು ಹೊತ್ತು ಹಾಯಾಗಿದ್ದು ಆಮೇಲೆ ಕರಗಿ ಹೋಗೋ ಸಮಾಧಾನ ಅಲ್ಲ ಅದು. ಕೊಟ್ಟಿಗೆ ಬಿಟ್ಟು ಬಂದ ಮೇಲೆ, ಮನೆಯಲ್ಲಿ, ನಿಧಾನಕ್ಕೆ ಮೇಲೆ ಬಂದಿದ್ದು.

ಇದಕ್ಕೆ "ಹಸು ಮುಟ್ಟಿದ್ರೆ ಟೆನ್ಷನ್ ಮಾಯ" ಅಂತ ಹೆಡ್‌ಲೈನ್ ಕೊಡೋದು ಸುಲಭ. ಕೊಡಬಾರದು. ಅದೇ ಅಧ್ಯಯನದಲ್ಲಿ ಒಟ್ಟಾರೆ ಬದುಕಿನ ಗುಣಮಟ್ಟದ ಅಂಕಗಳಲ್ಲಿ ಬದಲಾವಣೆ ಕಾಣಲಿಲ್ಲ. ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. 90 ಜನರ ಅಧ್ಯಯನ, ಅಷ್ಟೇ. ಆದರೆ ಕಾಣಿಸಿದ ಒಂದು ವಿಷಯ ಯಾವುದು ನೋಡಿ: ತನ್ನ ಮೇಲೆ ತನಗೆ ನಂಬಿಕೆ. ಆ ಮಂಡ್ಯದ ಹುಡುಗ ಕಳ್ಕೊಂಡಿದ್ದೂ ಅದನ್ನೇ.

ಈ ನಂಬಿಕೆ ಎಲ್ಲಿಂದ ಬರುತ್ತೆ ಅಂತ ಬದುಕಿಡೀ ಯೋಚಿಸಿದ ಒಬ್ಬ ಮನಶ್ಶಾಸ್ತ್ರಜ್ಞ ಇದ್ದರು, ಆಲ್ಬರ್ಟ್ ಬಂಡೂರ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಮುಂಡೇರ್ ಅನ್ನೋ ಪುಟ್ಟ ಊರಿನವರು. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. 2021ರಲ್ಲಿ ತೀರಿಕೊಂಡರು. 1977ರಲ್ಲಿ ಅವರು ಬರೆದ ಲೇಖನವನ್ನ ಇವತ್ತಿಗೂ ಓದ್ತಾರೆ. ಅವರು ಹೇಳಿದ್ದು ಇಷ್ಟು. ಬೇರೆಯವರು ಮಾಡೋದನ್ನ ನೋಡಿ ನಂಬಿಕೆ ಬರಬಹುದು. "ನಿನ್ನ ಕೈಲಿ ಆಗುತ್ತೆ" ಅಂತ ಯಾರಾದರೂ ಹೇಳಿದರೂ ಬರಬಹುದು. ಮೈ ಮನಸ್ಸು ಹಗುರ ಇದ್ದಾಗಲೂ ಬರುತ್ತೆ. ಆದರೆ ಎಲ್ಲಕ್ಕಿಂತ ಗಟ್ಟಿಯಾದ್ದು, ಕಷ್ಟದ ಒಂದು ಕೆಲಸವನ್ನ ಸ್ವಂತ ಕೈಯಿಂದ ಮಾಡಿ ಮುಗಿಸಿದಾಗ ಬರೋ ನಂಬಿಕೆ.

ನಮ್ಮ ಊರುಗಳಲ್ಲಿ ಈಗ ಕಾಲೇಜು ಕಾಲೇಜಿಗೆ ಮೋಟಿವೇಷನ್ ಭಾಷಣಕಾರರು ಬರ್ತಾರೆ. ಮೈಕು ಹಿಡಿದು, ನೀವು ಸಿಂಹಗಳು, ನೀವು ಹುಲಿಗಳು ಅಂತ ಕೂಗ್ತಾರೆ. ಮಕ್ಕಳು ಚಪ್ಪಾಳೆ ತಟ್ತಾರೆ. ಸಂಜೆ ಹೊತ್ತಿಗೆ ಸಿಂಹ ಮತ್ತೆ ಮೊಬೈಲ್ ಹಿಡ್ಕೊಂಡು ಮೂಲೆ ಸೇರಿರುತ್ತೆ. ತಪ್ಪು ಮಕ್ಕಳದಲ್ಲ. ಮಾತಿನಿಂದ ಬಂದ ಧೈರ್ಯ ಮಾತು ನಿಂತ ಮೇಲೆ ಎಷ್ಟು ಹೊತ್ತು ಇದ್ದೀತು?

ಹಾಗಾದ್ರೆ ಯಾವ ಕೆಲಸ ಆದರೂ ಆಗಬಹುದಲ್ಲ, ದನವೇ ಯಾಕೆ? ಒಳ್ಳೇ ಪ್ರಶ್ನೆ. ಇದಕ್ಕೆ ಉತ್ತರ ಹಾಲು ಕರೆದವರಿಗೆ ಗೊತ್ತು.

ನಮ್ಮ ಅಜ್ಜಿಯ ಮನೆ ತಿಪಟೂರು ಕಡೆ. ಬೇಸಿಗೆ ರಜೆಗೆ ಹೋದಾಗ ನಾನು ಹಾಲು ಕರೀತೀನಿ ಅಂತ ಹಟ ಮಾಡ್ತಿದ್ದೆ. ಅಜ್ಜಿ ಬಿಡ್ತಿದ್ರು, ಆದರೆ ಒಂದು ಷರತ್ತು. ತಮ್ಮನ ಜೊತೆ ಜಗಳ ಆಡಿ ಬಂದಿದ್ರೆ ಕೊಟ್ಟಿಗೆ ಬಾಗಿಲಲ್ಲೇ ತಡೀತಿದ್ರು. "ಮಗಾ, ಕ್ವಾಪ ಇಳಿಸ್ಕಂಡು ಬಾ. ಅದ್ಕೆ ಗೊತ್ತಾಯ್ತದೆ." ನಾನು ಅದನ್ನ ಅಜ್ಜಿಯ ನಂಬಿಕೆ ಅಂತಲೇ ಅಂದ್ಕೊಂಡಿದ್ದೆ. ಪಶುವೈದ್ಯರನ್ನ ಕೇಳಿ, ಅವರು ಹೇಳೋದೂ ಅದನ್ನೇ. ಕರು ಬಾಯಿ ಹಾಕಿದಾಗ, ಪರಿಚಯದ ಕೈ ಕೆಚ್ಚಲು ತೊಳೆದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಹೊರಡುತ್ತೆ. ಅದು ಕೆಚ್ಚಲಿಗೆ ಮುಟ್ಟಿದ ಮೇಲೇ ಹಾಲು ಇಳಿಯೋದು. ನಾವು ಸೊರ ಬಿಡೋದು ಅಂತೀವಲ್ಲ, ಅದು ಇದೇ. ಹಸು ಹೆದರಿದರೆ, ಪಕ್ಕದಲ್ಲಿ ಕೂತವನು ಗದರಿದರೆ, ಅಡ್ರಿನಲಿನ್ ಹೊರಟು ಆ ದಾರಿ ಮುಚ್ಚುತ್ತೆ. ಕೆಚ್ಚಲಲ್ಲಿ ಹಾಲಿದೆ, ಆದರೆ ಇಳಿಯಲ್ಲ. ನೀವು ಎಷ್ಟು ಹಿಂಡಿದರೂ ಇಲ್ಲ.

ಇದರ ಅರ್ಥ ಏನು? ಒಂದು ಲೀಟರ್ ಹಾಲು ಬೇಕು ಅಂದ್ರೆ ಮೊದಲು ನಿಮ್ಮ ಉಸಿರು ನಿಧಾನ ಆಗಬೇಕು. ದನಿ ತಗ್ಗಬೇಕು. ಕೈ ನಡುಗಬಾರದು. ಯಾರೂ ಪಾಠ ಹೇಳಿಕೊಡದೆ, ಯೋಗದ ಮ್ಯಾಟ್ ಹಾಸದೆ, ದಿನಕ್ಕೆರಡು ಸಲ ಒಬ್ಬ ಹುಡುಗ ತನ್ನ ಮನಸ್ಸನ್ನ ತಾನೇ ಹದಕ್ಕೆ ತಂದುಕೊಳ್ತಾನೆ. ತಂದುಕೊಂಡಿದ್ದಾನೋ ಇಲ್ವೋ ಅಂತ ಹೇಳೋದು ಹಸು. ಅದು ಮುಲಾಜಿಗೆ ಬೀಳಲ್ಲ. ನೀನು ಯಾರ ಮಗ, ನಿನ್ನ ಮಾರ್ಕ್ಸ್ ಎಷ್ಟು, ಬಟ್ಟೆ ಬ್ರ್ಯಾಂಡೆಡ್ಡಾ, ಯಾವುದೂ ಅದಕ್ಕೆ ಬೇಕಿಲ್ಲ. ಸೊರ ಬಿಟ್ಟಿತು ಅಂದರೆ ನೀನು ಸರಿಯಾಗಿ ಮಾಡಿದ್ದೀಯ. ಒದೆಯಿತು ಅಂದರೆ ಇನ್ನೊಂದು ಸಲ ಪ್ರಯತ್ನಿಸು. ಇಷ್ಟು ನೇರವಾಗಿ ಉತ್ತರ ಕೊಡೋ ಮನುಷ್ಯರನ್ನ ನಾನು ಈ ವೃತ್ತಿಯಲ್ಲಿ ಹೆಚ್ಚು ನೋಡಿಲ್ಲ.

ಇನ್ನೊಂದು. ದನ ನಿಮ್ಮನ್ನ ಗುರುತಿಡುತ್ತೆ. ದನ ಬಿಡಿ, ದಡ್ಡ ಪ್ರಾಣಿ ಅಂತ ನಾವು ಲೇವಡಿ ಮಾಡೋ ಕುರಿಯ ಮೇಲೆ ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರದ ಬಾಬ್ರಹಾಂ ಸಂಸ್ಥೆಯವರು ಪ್ರಯೋಗ ಮಾಡಿ 2001ರಲ್ಲಿ ಪ್ರಕಟಿಸಿದರು. ಒಂದು ಕುರಿ ಬೇರೆ 50 ಕುರಿಗಳ ಮುಖವನ್ನ ಎರಡು ವರ್ಷದವರೆಗೂ ನೆನಪಿಟ್ಟುಕೊಳ್ಳಬಲ್ಲದು. ಮನುಷ್ಯರ ಮುಖವನ್ನೂ ಅವು ಗುರುತಿಸ್ತವೆ. ಕುರುಬರ ಹಟ್ಟಿಯಲ್ಲಿ ಬೆಳೆದವರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಯಾರಿಗೂ ತಾನು ಬೇಡ ಅಂದ್ಕೊಂಡು ಮೂಲೆ ಸೇರಿದ ಹುಡುಗನಿಗೆ, ಬೆಳಗ್ಗೆ ಬಾಗಿಲು ತೆಗೆದ ಶಬ್ದಕ್ಕೆ ಒಂದು ಜೀವ ಕತ್ತು ಎತ್ತಿ ಅಂಬಾ ಅಂದಾಗ ಏನಾಗುತ್ತೆ ಅಂತ ಯೋಚನೆ ಮಾಡಿ. ಅದು ಹುಲ್ಲಿಗೋಸ್ಕರ ಕೂಗಿರಬಹುದು. ಇರಲಿ. ಆ ಹುಲ್ಲು ಹಾಕಬೇಕಾದವನು ತಾನು ಅನ್ನೋದು ಅವನಿಗೆ ಗೊತ್ತಲ್ಲ.

ನಾರ್ವೆಯಲ್ಲೇ ಆಮೇಲೆ ಖಿನ್ನತೆ ಇದ್ದು ಫಾರಂಗೆ ಹೋದವರನ್ನ ಕೂರಿಸಿ ಮಾತಾಡಿಸಿದ್ದಾರೆ. ನಿಮಗೆ ಅಲ್ಲಿ ಏನು ಹಿಡಿಸಿತು ಅಂತ. ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ಒಂದು: ಅಲ್ಲಿ ನಾವು ರೋಗಿಗಳಾಗಿರಲಿಲ್ಲ, ರೈತನ ಜೊತೆ ಕೆಲಸ ಮಾಡೋ ಸಾಮಾನ್ಯ ಕೆಲಸಗಾರರಾಗಿದ್ವಿ.

ಈಗ ನಿಮಗೆ ಒಬ್ಬ ಹೆಣ್ಣುಮಗಳ ಕಥೆ ಹೇಳ್ತೀನಿ. ಟೆಂಪಲ್ ಗ್ರ್ಯಾಂಡಿನ್. 2010ರಲ್ಲಿ ಅವರ ಮೇಲೆ ಸಿನಿಮಾ ಬಂತು, ನೋಡಿರಬಹುದು. 1947ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದವರು. ಮೂರು ವರ್ಷ ದಾಟಿದರೂ ಮಾತಿಲ್ಲ. ಯಾರಾದರೂ ಮುಟ್ಟಿದರೆ ಚೀರಾಟ. ಆಟಿಸಂ. ಇಂಥ ಮಗುವನ್ನ ಸಂಸ್ಥೆಗೆ ಸೇರಿಸಿಬಿಡಿ ಅಂತ ಹೇಳ್ತಿದ್ದ ಕಾಲ ಅದು. ಅಮ್ಮ ಸೇರಿಸಲಿಲ್ಲ, ಪಾಠ ಹೇಳಿಸಿದರು. ಹದಿಹರೆಯಕ್ಕೆ ಬಂದಾಗ ಆತಂಕ ವಿಪರೀತ ಆಯ್ತು. ಎದೆ ಸದಾ ಡವಡವ. ಒಂದು ಬೇಸಿಗೆಯಲ್ಲಿ ಅರಿಜೋನಾದಲ್ಲಿದ್ದ ಚಿಕ್ಕಮ್ಮನ ದನದ ಫಾರಂಗೆ ಹೋದರು.

ಅಲ್ಲಿ ದನಗಳಿಗೆ ಚುಚ್ಚುಮದ್ದು ಹಾಕುವಾಗ ಅವನ್ನ ಒಂದು ಕಟಕಟೆಯೊಳಗೆ ನಿಲ್ಲಿಸಿ ಎರಡೂ ಕಡೆಯಿಂದ ಹಲಗೆ ಒತ್ತಿ ಹಿಡೀತಾರೆ. ಒಳಗೆ ಹೋಗುವಾಗ ಬೆದರಿದ್ದ ಎಷ್ಟೋ ದನಗಳು ಆ ಒತ್ತು ಬಿದ್ದ ಮೇಲೆ ಶಾಂತವಾಗೋದನ್ನ ಆ ಹುಡುಗಿ ಗಮನಿಸಿದಳು. ಗಂಟೆಗಟ್ಟಲೆ ನಿಂತು ನೋಡಿದಳು. ಕೊನೆಗೆ ಚಿಕ್ಕಮ್ಮನನ್ನ ಕೇಳಿಕೊಂಡು ತಾನೇ ಅದರೊಳಗೆ ಹೋಗಿ ನಿಂತಳು. ಮನುಷ್ಯರು ಅಪ್ಪಿಕೊಂಡರೆ ಸಹಿಸೋಕಾಗದ ಹುಡುಗಿಗೆ ಆ ಹಲಗೆಗಳ ನಡುವೆ ಎದೆಬಡಿತ ಇಳೀತು. ವಾಪಸ್ ಬಂದು ಮರದ ಹಲಗೆಯಲ್ಲಿ ತನಗೋಸ್ಕರ ಅಂಥದ್ದೇ ಒಂದು ಯಂತ್ರ ಕಟ್ಟಿಕೊಂಡಳು. ಶಾಲೆಯ ಮನಶ್ಶಾಸ್ತ್ರಜ್ಞರಿಗೆ ಇದು ವಿಚಿತ್ರವಾಗಿ ಕಂಡು, ಕಿತ್ತು ಹಾಕಬೇಕು ಅಂದರು. ವಿಜ್ಞಾನದ ಮೇಷ್ಟ್ರು ಒಬ್ಬರು, ವಿಲಿಯಂ ಕಾರ್ಲಾಕ್ ಅಂತ, ಬೇರೆ ಮಾತು ಹೇಳಿದರು. ಇದು ಯಾಕೆ ಸಮಾಧಾನ ಕೊಡುತ್ತೆ ಅಂತ ಕಂಡುಹಿಡಿ, ಅದಕ್ಕೆ ಓದು ಅಂದರು.

ಓದಿದಳು ನೋಡಿ. ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಶುವಿಜ್ಞಾನದ ಪ್ರೊಫೆಸರ್ ಆದಳು. ದನ ಎಲ್ಲಿ ಬೆದರುತ್ತೆ, ಯಾವ ನೆರಳಿಗೆ, ಯಾವ ಶಬ್ದಕ್ಕೆ ಹಿಂದೆ ಸರಿಯುತ್ತೆ ಅನ್ನೋದು ಆಕೆಗೆ ಕಂಡಷ್ಟು ಬೇರೆಯವರಿಗೆ ಕಾಣ್ತಿರಲಿಲ್ಲ. ಉತ್ತರ ಅಮೆರಿಕದ ದನಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನ ನಿಭಾಯಿಸೋದು ಆಕೆ ವಿನ್ಯಾಸ ಮಾಡಿದ ವ್ಯವಸ್ಥೆಗಳಲ್ಲಿ. ಇದರಲ್ಲಿ ಹೆಚ್ಚಿನವು ಕಸಾಯಿಖಾನೆಗೆ ಸೇರಿದವು ಅನ್ನೋದನ್ನೂ ಹೇಳಿಬಿಡ್ತೀನಿ. ಕೆಲವರಿಗೆ ಅದು ಕಷ್ಟ ಆಗಬಹುದು. ಸಾಯೋ ಪ್ರಾಣಿ ಕೊನೇ ಗಳಿಗೆಯಲ್ಲಿ ಹೆದರಬಾರದು ಅನ್ನೋದು ಆಕೆಯ ವಾದ. ನಾನು ಆ ಚರ್ಚೆಗೆ ಇವತ್ತು ಹೋಗಲ್ಲ. ಮೂರು ವರ್ಷ ದಾಟಿದರೂ ಮಾತು ಬಾರದಿದ್ದ ಹುಡುಗಿಗೆ ತನ್ನ ಶಕ್ತಿ ಏನು ಅಂತ ಮೊದಲು ತೋರಿಸಿದ್ದು ದನದ ದೊಡ್ಡಿ. ನಮ್ಮ ಮಾತು ಅಷ್ಟಕ್ಕೇ.

ಅಪ್ಪುಗೆ ಅಂದಕೂಡಲೇ ನಿಮಗೆ 2023ರ ಫೆಬ್ರವರಿ ನೆನಪಾಗಿರುತ್ತೆ. ಪ್ರೇಮಿಗಳ ದಿನವನ್ನ ಹಸು ಅಪ್ಪಿಕೊಳ್ಳೋ ದಿನವಾಗಿ ಆಚರಿಸಿ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಕರೆ ಕೊಟ್ಟಿತ್ತು. ದೇಶವೆಲ್ಲ ಮೀಮ್ ಹಬ್ಬ. ಕೆಲವೇ ದಿನದಲ್ಲಿ, ಫೆಬ್ರವರಿ 10ಕ್ಕೆ, ಆ ಕರೆಯನ್ನ ಹಿಂದಕ್ಕೆ ತಗೊಂಡರು. ನಕ್ಕವರೂ ಇದ್ದರು, ನಕ್ಕವರ ಮೇಲೆ ಸಿಟ್ಟಾದವರೂ ಇದ್ದರು. ಎರಡೂ ಕಡೆಯವರಲ್ಲಿ ದಿನಾ ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚೋರು ಎಷ್ಟಿದ್ದರೋ ನಾ ಕಾಣೆ. ಅವರಿಗೆ ಆ ಹೊತ್ತಿನಲ್ಲಿ ಟ್ವೀಟ್ ಮಾಡೋಕೆ ಪುರುಸೊತ್ತಿರಲ್ಲ.

ನೆದರ್ಲೆಂಡ್ಸ್‌ನಲ್ಲಿ ದುಡ್ಡು ಕೊಟ್ಟು ಹಸು ಅಪ್ಪಿಕೊಳ್ಳೋ ಪದ್ಧತಿ ನಿಜವಾಗಿಯೂ ಇದೆ. ಹಸುವಿನ ಮೈಬಿಸಿ ನಮಗಿಂತ ಸ್ವಲ್ಪ ಹೆಚ್ಚು, ಸುಮಾರು 38.5 ಡಿಗ್ರಿ ಸೆಲ್ಸಿಯಸ್.  ಮಲಗಿ ಮೆಲುಕು ಹಾಕ್ತಿರೋ ಹಸುವಿಗೆ ಒರಗಿ ಕೂತರೆ ಹಾಯೆನಿಸುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದೇ ದೇಶದಲ್ಲಿ ಇನ್ನೊಂದಿದೆ, ಅದು ಸುದ್ದಿಯಾಗಲ್ಲ. ಆರೈಕೆ ಫಾರಂಗಳು. ಒಂದು ಸಾವಿರಕ್ಕೂ ಹೆಚ್ಚಿವೆ. ಆಟಿಸಂ ಇರೋ ಮಕ್ಕಳು, ಮರೆವಿನ ಕಾಯಿಲೆಯ ಮುದುಕರು, ಕೆಲಸದ ಒತ್ತಡಕ್ಕೆ ಕುಸಿದು ಬಿದ್ದವರು ಅಲ್ಲಿಗೆ ಬಂದು ಕೋಳಿಗೆ ಕಾಳು ಹಾಕ್ತಾರೆ, ಮೊಟ್ಟೆ ಆಯ್ತಾರೆ, ಆಡಿನ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸ್ತಾರೆ. ಇದರ ಖರ್ಚಿಗೆ ಅಲ್ಲಿನ ಆರೋಗ್ಯ ವ್ಯವಸ್ಥೆಯ ಹಣ ಬರುತ್ತೆ. ರೈತನಿಗೂ ಒಂದು ಆದಾಯ. ಅಪ್ಪುಗೆಯಲ್ಲಿ ಸಿಗೋದು ಒಂದು ಗಂಟೆಯ ನೆಮ್ಮದಿ. ಮೊಟ್ಟೆ ಎಣಿಸಿ ಬುಟ್ಟಿಗೆ ಹಾಕೋದರಲ್ಲಿ ಸಿಗೋದು ಬೇರೆ. ನಾಳೆಯೂ ಬರಬೇಕು, ಕೋಳಿಗಳು ಕಾಯ್ತಿರ್ತವೆ.

ನಮ್ಮಲ್ಲಿ? 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 85 ಲಕ್ಷ ದನಗಳಿವೆ, ಒಂದು ಕೋಟಿಗೂ ಹೆಚ್ಚು ಕುರಿಗಳಿವೆ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ, ಬನ್ನೂರು ಕುರಿ ಅಂತ ತಳಿಗಳ ಹೆಸರು ಹೇಳಿ ಎದೆ ತಟ್ಟಿಕೊಳ್ತೀವಿ. ದೀಪಾವಳಿಗೆ ಗೋಪೂಜೆ, ಸಂಕ್ರಾಂತಿಗೆ ಕಿಚ್ಚು ಹಾಯಿಸೋದು, ಉತ್ತರ ಕರ್ನಾಟಕದಲ್ಲಿ ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ. ಪೂಜೆ ದನಕ್ಕೆ. ಬೈಗುಳ ದನ ಕಾಯುವವನಿಗೆ. ಅದು ಹೇಗೆ ಸ್ವಾಮಿ?

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳಬೇಕು. ಇದನ್ನ ಕೇಳಿ "ಆಹಾ, ದನ ಕಾಯೋದು ಎಷ್ಟು ಚೆಂದ" ಅಂತ ಯಾರೂ ಹಾಡು ಕಟ್ಟಬೇಡಿ. ಆ ಬೈಗುಳ ಸುಮ್ಮನೆ ಹುಟ್ಟಿದ್ದಲ್ಲ. ತಲೆಮಾರುಗಟ್ಟಲೆ ಈ ನಾಡಿನಲ್ಲಿ ದನ ಕಾದವರು ಯಾರ ಮಕ್ಕಳು? ಅಪ್ಪನ ಸಾಲಕ್ಕೆ ಗೌಡರ ಮನೆಯ ಕೊಟ್ಟಿಗೆಗೆ ಜೀತ ಬಿದ್ದ ಮಕ್ಕಳು. ಶಾಲೆ ಮುಂದೆಯೇ ದನ ಹೊಡ್ಕೊಂಡು ಹೋಗ್ತಾ ಒಳಗಿನಿಂದ ಕೇಳೋ ಮಗ್ಗಿಯನ್ನ ಕದ್ದು ಕೇಳಿಸಿಕೊಂಡ ಮಕ್ಕಳು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದಿದ್ದು 1976ರಲ್ಲಿ. ಕಾಯ್ದೆ ಬಂದ ದಿನವೇ ಎಲ್ಲರ ಹಗ್ಗ ಬಿಚ್ಚಲಿಲ್ಲ. ಅಂಥ ಮನೆಯಿಂದ ಬಂದವರಿಗೆ "ಮಗನನ್ನ ದನ ಕಾಯೋಕೆ ಕಳಿಸಿ, ಆತ್ಮವಿಶ್ವಾಸ ಬರುತ್ತೆ" ಅಂತ ನಾನು ಸ್ಟುಡಿಯೋದ ಏಸಿಯಲ್ಲಿ ಕೂತು ಹೇಳಿದರೆ ಅವರು ಟಿವಿ ಆಫ್ ಮಾಡ್ತಾರೆ. ಮಾಡಬೇಕಾದ್ದೇ.

ಶಿವರಾಮ ಕಾರಂತರು 1933ರಲ್ಲೇ 'ಚೋಮನ ದುಡಿ' ಬರೆದರು. 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದರು, ವಾಸುದೇವರಾವ್ ಚೋಮನಾಗಿ ಅಭಿನಯಿಸಿದ್ದರು. ಚೋಮನ ಹತ್ತಿರ ಎರಡು ಎತ್ತುಗಳಿದ್ದವು, ಗೊತ್ತಲ್ಲ? ಆ ಎತ್ತುಗಳನ್ನ ನೋಡಿ ನೋಡಿಯೇ ಅವನಿಗೆ ನಾನೂ ಬೇಸಾಯ ಮಾಡಬಲ್ಲೆ ಅನ್ನೋ ಆಸೆ ಗಟ್ಟಿಯಾಗಿದ್ದು. ನಂಬಿಕೆಗೆ ಬರ ಇರಲಿಲ್ಲ ಅವನಿಗೆ. ಉಳೋಕೆ ಒಂದು ತುಂಡು ನೆಲ ಕೊಡೋಕೆ ಊರು ತಯಾರಿರಲಿಲ್ಲ. ಹಾಗಾಗಿ ಬಂಡೂರ ಅವರ ಸಿದ್ಧಾಂತ ಎಷ್ಟೇ ದೊಡ್ಡದಿರಲಿ, ಪಕ್ಕದಲ್ಲಿ ಚೋಮನನ್ನೂ ನಿಲ್ಲಿಸಿಕೊಂಡೇ ಅದನ್ನ ಓದಬೇಕು. ನಾರ್ವೆಯವರು ಫಾರಂಗೆ ಹೋಗಿದ್ದು ಇಷ್ಟಪಟ್ಟು. ಬೇಡ ಅನಿಸಿದರೆ ಬಿಟ್ಟು ಬರಬಹುದಿತ್ತು. ಶಾಲೆ ಬಿಡಿಸಿ ದನಕ್ಕೆ ಹಚ್ಚೋದು ಬೇರೆ, ಓದೋ ಹುಡುಗನ ಕೈಗೆ ಪ್ರೀತಿಯಿಂದ ಒಂದು ಕರುವಿನ ಹಗ್ಗ ಕೊಡೋದು ಬೇರೆ. ಮೊದಲನೆಯದಕ್ಕೆ ಕಾನೂನಿನಲ್ಲಿ ಶಿಕ್ಷೆ ಇದೆ, ಇರಲೂಬೇಕು.

ಹಾಗಾದ್ರೆ ಮಾಡೋದೇನು? ಆ ಮಂಡ್ಯದವರೂ ಇದನ್ನೇ ಕೇಳಿದರು. ನಾನು ಡಾಕ್ಟರಲ್ಲ. ಗೊತ್ತಿದ್ದಷ್ಟು ಹೇಳಿದೆ, ನಿಮಗೂ ಹೇಳ್ತೀನಿ.

ಮೊದಲು ಆ ಬೈಗುಳ ವಾಪಸ್ ತಗೊಳ್ಳಿ. ಕ್ಷಮಿಸು ಅಂತ ಮಗನ ಮುಂದೆ ಹೇಳೋಕೆ ನಮ್ಮ ಕಡೆ ಅಪ್ಪಂದಿರಿಗೆ ನಾಲಗೆ ಹೊರಳಲ್ಲ, ಗೊತ್ತು. ಹಾಗಿದ್ರೆ ಬಾಗಿಲ ಹತ್ತಿರ ನಿಂತು "ಕೆಂದಿ ಹಾಲು ಕೊಡ್ತಿಲ್ಲ, ನನ್ನ ಕೈಗೆ ಬಗ್ತಿಲ್ಲ, ಸ್ವಲ್ಪ ಬಾಪ್ಪ" ಅನ್ನಿ. ಸುಳ್ಳೇನಲ್ಲವಲ್ಲ ಅದು. ಬಂದರೆ ಪಕ್ಕದಲ್ಲಿ ನಿಂತು ಸಲಹೆ ಕೊಡಬೇಡಿ. ಸಂಜೆ ಡೇರಿಗೆ ಹಾಲು ಹಾಕುವಾಗ ಕ್ಯಾನು ಅವನ ಕೈಲಿರಲಿ, ಡೇರಿ ಪುಸ್ತಕವೂ ಅವನ ಕೈಲೇ ಇರಲಿ. ಫ್ಯಾಟ್ ಎಷ್ಟು ಬಂತು, ರೇಟ್ ಎಷ್ಟು, ಹಿಂಡಿ ಬೂಸಾಗೆ ಎಷ್ಟು ಹೋಯ್ತು, ಅವನೇ ಬರೀಲಿ. ಗಣಿತ ಫೇಲಾದವನು ಅಲ್ವಾ? ಈ ಲೆಕ್ಕ ಅವನಿಗೆ ಬರುತ್ತೋ ಇಲ್ವೋ ನೀವೇ ನೋಡಿ.

ಪರೀಕ್ಷೆ-2 ಇದೆ. ಅರ್ಜಿ ಹಾಕಿಸಿ. ದನ ಇದೆ ಅಂತ ಓದು ಬಿಡಿಸೋದಲ್ಲ, ಓದು ಇದೆ ಅಂತ ದನ ಮಾರೋದೂ ಅಲ್ಲ. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಫೀಸಿಗೆ ದುಡ್ಡು ಬೇಕಾದಾಗ ನಮ್ಮಲ್ಲಿ ಮೊದಲು ಹೋಗೋದು ಹಸು. ಮಗು ಶಾಲೆಯಿಂದ ಬರೋ ಹೊತ್ತಿಗೆ ಗೂಟ ಖಾಲಿ. ಗೋದಲಿಯಲ್ಲಿ ಬೆಳಗ್ಗೆ ತಾನೇ ಹಾಕಿದ್ದ ಹುಲ್ಲು ಹಾಗೇ ಇದೆ. ಅದರ ಸಂಕಟ ಎಷ್ಟು ಅಂತ ಅಳೆಯೋ ತಕ್ಕಡಿ ಯಾರ ಹತ್ತಿರವೂ ಇಲ್ಲ. ಮಾರಲೇಬೇಕಾದ ಪರಿಸ್ಥಿತಿ ಬರಬಹುದು, ಬಡತನಕ್ಕೆ ಬುದ್ಧಿ ಹೇಳೋಕೆ ನಾನು ಯಾರು? ಆದರೆ ಸಾಕಿದ ಮಗುವಿಗೆ ಮುಂಚೆ ಹೇಳಿ, ಕೊನೇ ಸಲ ಮೈ ತೊಳೆಯೋಕೆ ಬಿಡಿ, ಯಾರ ಮನೆಗೆ ಹೋಗುತ್ತೆ ಅಂತ ತಿಳಿಸಿ.

ಬೆಂಗಳೂರಿನ ಫ್ಲ್ಯಾಟಿನಲ್ಲಿರೋರು, ನಮಗೆಲ್ಲಿಂದ ಹಸು ತರೋಣ ಅಂತೀರಿ. ಊರಲ್ಲಿ ಅಜ್ಜಿಯೋ ದೊಡ್ಡಪ್ಪನೋ ಇದ್ದಾರಲ್ಲ, ರಜೆಯಲ್ಲಿ ಮಕ್ಕಳನ್ನ ಅಲ್ಲಿ ಬಿಡಿ. ಫೋಟೋ ತೆಗೆಸೋಕೆ ಅಲ್ಲ, ಕನಿಷ್ಠ ಎರಡು ವಾರ, ಒಂದು ಪ್ರಾಣಿಯ ಜವಾಬ್ದಾರಿ ಕೊಟ್ಟು. ನಾಲ್ಕು ಕೋಳಿ ಆದರೂ ಸರಿ. ಹೋಗೋ ಮುಂಚೆ ಧನುರ್ವಾಯು ಇಂಜೆಕ್ಷನ್ ಆಗಿದೆಯಾ ನೋಡಿ. ಹಸು ತನ್ನ ಸುತ್ತ ಬಹಳಷ್ಟು ಕಾಣುತ್ತೆ, ಸರಿಯಾಗಿ ಬೆನ್ನ ಹಿಂದೆ ಇರೋದು ಮಾತ್ರ ಕಾಣಲ್ಲ, ಹಾಗಾಗಿ ಹಿಂದಿನಿಂದ ಹೋಗಿ ಮುಟ್ಟಬಾರದು. ಈದು ಎರಡು ದಿನ ಆಗಿರೋ ಹಸು, ಕೊಬ್ಬಿದ ಹೋರಿ, ಇವುಗಳ ಹತ್ತಿರ ಹೊಸ ಮಕ್ಕಳನ್ನ ಬಿಡಬೇಡಿ. ಮೊದಲ ಪರಿಚಯಕ್ಕೆ ಗಂಗೆದೊಗಲು, ಕತ್ತಿನ ಅಡಿಯ ಆ ಜೋಲು ಚರ್ಮ ಇದೆಯಲ್ಲ, ಅಲ್ಲಿ ನಿಧಾನಕ್ಕೆ ಕೆರೆದರೆ ಸಾಕು, ಕತ್ತು ನೀಡಿ ನಿಲ್ಲುತ್ತೆ. ಕೆಲಸ ಆದ ಮೇಲೆ ಸೋಪು ಹಾಕಿ ಕೈ ತೊಳೀಬೇಕು. ಹಸಿ ಹಾಲು ಕುಡೀಬಾರದು, ಬ್ರುಸೆಲ್ಲೋಸಿಸ್ ಅನ್ನೋ ಕಾಯಿಲೆ ಅದರಿಂದ ಬರಬಹುದು.

ಸರ್ಕಾರಕ್ಕೂ ಒಂದು ಮಾತು. ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮ ಊರಲ್ಲಿದೆ. ಹೆಬ್ಬಾಳದಲ್ಲಿ, ಹಾಸನದಲ್ಲಿ, ಶಿವಮೊಗ್ಗದಲ್ಲಿ ಪಶುವೈದ್ಯ ಕಾಲೇಜುಗಳಿವೆ. ಊರೂರಿಗೂ ಹಾಲಿನ ಸೊಸೈಟಿ ಇದೆ, ಅದರಲ್ಲಿ ಎಷ್ಟೋ ಹೆಣ್ಣುಮಕ್ಕಳೇ ನಡೆಸೋವು. ದನದ ವಿದ್ಯೆಯಲ್ಲಿ ಆ ಹೆಣ್ಣುಮಕ್ಕಳಿಗಿಂತ ದೊಡ್ಡ ಪಂಡಿತರು ಯಾರಿದ್ದಾರೆ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರು, ಒಬ್ಬ ಪಶುವೈದ್ಯರು, ಇಂಥ ಒಬ್ಬ ಅನುಭವಸ್ಥೆ, ಮೂವರನ್ನ ಒಂದು ತಾಲ್ಲೂಕಿನಲ್ಲಿ ಕೂರಿಸಿ ಒಂದು ವರ್ಷ ಪ್ರಯತ್ನ ಮಾಡಿ ನೋಡಬಹುದು. ಆ ತಾಯಿಗೆ ಗೌರವಧನ ಕೊಡಬೇಕು, ಪುಕ್ಕಟೆ ದುಡಿಸಿಕೊಳ್ಳಬಾರದು. ದೊಡ್ಡ ಬಜೆಟ್ಟೇನೂ ಬೇಡ.

ಕೊನೆಯದಾಗಿ, ಮೊದಲೇ ಹೇಳಿದ್ದೆನಲ್ಲ, ನಾರ್ವೆಯಲ್ಲಿ ಯಾರ ಔಷಧವನ್ನೂ ನಿಲ್ಲಿಸಲಿಲ್ಲ ಅಂತ. ಮಗು ಊಟ ಬಿಟ್ಟಿದೆ, ನಿದ್ದೆ ಬಿಟ್ಟಿದೆ, ಬದುಕಿ ಏನು ಪ್ರಯೋಜನ ಅನ್ನೋ ಮಾತಾಡ್ತಿದೆ ಅಂದರೆ ಕರುವಿನ ಹಗ್ಗ ಹುಡುಕ್ತಾ ಕೂರಬೇಡಿ. ಅದೇ ದಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಸ್ಕ್ರೀನ್ ಮೇಲೆ ಬರ್ತಿದೆ, ಬರ್ಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು.